ಮೂಲಂಗಿ ಇನ್ನೂ ಬಂದಿಲ್ಲ

ನಮ್ಮ ಬೀದಿಯಲ್ಲಿ ನಡೆದ ಗಲಾಟೆಗೆಲ್ಲ ಮೂಲ ಕಾರಣ ಒಂದು ಕಾಡುಹಂದಿ. ಅದು ಇನ್ನೆರಡು ದಿನ ಬೋನಿಗೆ ಬೀಳದೆ ತಿರುಗಾಡಿಕೊಂಡಿದ್ದರೆ ಕುರಾಮೊಚಿ ಶಿಗೆಯೊ ಅವರ ಮಾನ ಉಳಿಯುತ್ತಿತ್ತು, ನನ್ನ ಬೆರಳುಗಳೂ ಉಳಿಯುತ್ತಿದ್ದವು.

ಕಾಜಿಮಾಚಿಯ ಮೂರನೇ ಬೀದಿಯಲ್ಲಿ ಒಟ್ಟು ಹದಿನಾಲ್ಕು ಮನೆ. ನಾನು ಬೀದಿ ಸಂಘದ ಕಾರ್ಯದರ್ಶಿ. ಹೊಟ್ಟೆಪಾಡಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ಇಟ್ಟಿದ್ದೇನೆ. ಆದ್ದರಿಂದ ಬೀದಿಯಲ್ಲಿ ಯಾರು ಏನು ಚೆಲ್ಲಿಕೊಂಡರು ಎಂಬುದು ಮೊದಲು ಗೊತ್ತಾಗುವುದು ನನಗೆ. ತಿಂಗಳಿಗೊಮ್ಮೆ ಸಂಘದ ಸುತ್ತೋಲೆಯನ್ನು ಒಂದು ರಟ್ಟಿನ ಹಲಗೆಗೆ ಸಿಕ್ಕಿಸಿ ಮೊದಲ ಮನೆಗೆ ಕೊಡುತ್ತೇನೆ. ಅವರು ಓದಿ, ಕೊನೆಯಲ್ಲಿರುವ ತಮ್ಮ ಚೌಕದಲ್ಲಿ ಮನೆತನದ ಮೊಹರು ಒತ್ತಿ, ಪಕ್ಕದ ಮನೆಗೆ ದಾಟಿಸಬೇಕು. ಹದಿನಾಲ್ಕು ಕೆಂಪು ಮೊಹರು ಬಿದ್ದ ಮೇಲೆ ಹಲಗೆ ನನ್ನ ಕೈಗೆ ವಾಪಸು ಬರುತ್ತದೆ.

ಮೊಹರು ಒತ್ತುವುದರಲ್ಲೂ ಒಂದು ರೀತಿ ಇದೆ. ಕಚೇರಿ ಕಾಗದದ ಮೇಲೆ ಕೈಕೆಳಗಿನವರು ತಮ್ಮ ಮೊಹರನ್ನು ಸಾಹೇಬರ ಮೊಹರಿನ ಕಡೆಗೆ ತುಸು ವಾಲಿಸಿ ಒತ್ತುತ್ತಾರೆ. ಮೊಹರು ತಲೆ ಬಾಗಿಸಿ ನಮಸ್ಕಾರ ಮಾಡಿದ ಹಾಗೆ ಕಾಣಬೇಕು. ನಮ್ಮ ಬೀದಿಯಲ್ಲಿರುವವರಲ್ಲಿ ಹೆಚ್ಚಿನವರು ಕಚೇರಿಯಲ್ಲಿ ಸವೆದವರು, ನಿವೃತ್ತರಾದ ಮೇಲೂ ಆ ಚಾಳಿ ಬಿಟ್ಟಿಲ್ಲ.

ಕುರಾಮೊಚಿಯವರು ಮಾತ್ರ ಯಾವತ್ತೂ ಮೊಹರು ವಾಲಿಸಿದವರಲ್ಲ. ನಗರಸಭೆಯ ತೂಕ ಅಳತೆ ವಿಭಾಗದಲ್ಲಿ ಮೂವತ್ತೈದು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷೆ ಮಾಡಿದವರು. ತಾವೇ ಬಟ್ಟು ಇಟ್ಟು ತೂಗಿ ನೋಡದೆ ಒಂದೇ ಒಂದು ತಕ್ಕಡಿಗೂ ಮೊಹರು ಒತ್ತಿಲ್ಲ. ನಮ್ಮ ಬೀದಿಯ ತೋಫು ಅಂಗಡಿಯ ಉಬುಕಾತಾ ಕಿನು ಅಜ್ಜಿಯ ತಕ್ಕಡಿ ಒಂದು ಸಲ ಐದು ಗ್ರಾಂ ಹೆಚ್ಚು ಕೊಡುತ್ತಿತ್ತು.

"ಹೆಚ್ಚು ಹೋಗೋದು ಗಿರಾಕಿಗೆ ತಾನೆ ಸಾಹೇಬ್ರೇ? ನಷ್ಟ ನಂದು," ಎಂದಳು ಕಿನು ಅಜ್ಜಿ. ಆಗ ಅವಳು ಅಜ್ಜಿಯಲ್ಲ, ಐವತ್ತಮೂರರ ಗಟ್ಟಿ ಹೆಂಗಸು.

"ತಪ್ಪು ಯಾರ ಕಡೆ ವಾಲಿದ್ರೂ ತಪ್ಪೇ," ಎಂದು ಕುರಾಮೊಚಿ ತಕ್ಕಡಿಗೆ ಕೆಂಪು ಚೀಟಿ ಅಂಟಿಸಿ ಹೋದರು. ಅಂಗಡಿಯಲ್ಲಿ ಒಂದು ದಿನ ತೂಕದ ಮಾರಾಟ ನಿಂತಿತ್ತು. ಅಂದಿನಿಂದ ಅವಳು ಅವರನ್ನು 'ತೂಕದ ಸಾಹೇಬ್ರು' ಎಂದೇ ಕರೆಯುತ್ತಾಳೆ. ಅದರಲ್ಲಿ ಗೌರವ ಎಷ್ಟು, ಸಿಟ್ಟು ಎಷ್ಟು ಎಂದು ಯಾರೂ ತೂಗಿ ನೋಡಿಲ್ಲ.

ಇನ್ನು ಹಂದಿಯ ವಿಷಯ. ಅಕ್ಟೋಬರಿನ ಸುತ್ತೋಲೆಯಲ್ಲಿ ಅರ್ಧ ಪುಟ 'ಕಾಡುಹಂದಿ ಕಂಡರೆ ಏನು ಮಾಡಬೇಕು' ಎಂದು ಬರೆದಿಟ್ಟಿದ್ದೆ. ಅಚ್ಚಿಗೆ ಹೋಗುವ ಹಿಂದಿನ ದಿನ ಹಂದಿ ಸಿಕ್ಕಿಬಿತ್ತು. ಸಂಘದ ಅಧ್ಯಕ್ಷ ತೊಕುನಾಗಾ ಸಾರ್ವಜನಿಕ ಸ್ನಾನಗೃಹದ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಚಿಂತೆ ಮಾಡುತ್ತಿದ್ದರು.

"ಅರ್ಧ ಪುಟ ಖಾಲಿ ಬಿಟ್ರೆ ಸಂಘಕ್ಕೆ ಬೇರೆ ಕೆಲಸ ಇಲ್ಲ ಅನ್ಕೋತಾರೆ," ಎಂದರು.

ಎದುರಿಗೆ ತಲೆಯ ಮೇಲೆ ಒದ್ದೆ ಟವೆಲು ಇಟ್ಟುಕೊಂಡು ಕೂತಿದ್ದ ಕುರಾಮೊಚಿ ಸುಮ್ಮನಿರಬಹುದಿತ್ತು. "ಈಗಿನ ಜನಕ್ಕೆ ದೊಡ್ಡ ಕಷ್ಟ ಏನು ಗೊತ್ತಾ? ಸಾವಿರ ಆಪು, ಸಾವಿರ ಪುಸ್ತಕ, ಸಾವಿರ ವಿಡಿಯೋ ಆಟ. ಯಾವುದು ಗಟ್ಟಿ, ಯಾವುದು ಜೊಳ್ಳು ಅಂತ ತೂಗಿ ಹೇಳೋರೇ ಇಲ್ಲ," ಎಂದರು.

"ನೀವಿದ್ದೀರಲ್ಲ," ಎಂದರು ತೊಕುನಾಗಾ.

"ನಾನೇನೋ ಹೇಳಬಲ್ಲೆ," ಎಂದರು ಕುರಾಮೊಚಿ. ಆಗ ಅವರ ಹತ್ತಿರ ಇದ್ದದ್ದು ಮಡಚುವ ಹಳೆಯ ಫೋನು. ಅವರು ಕೊನೆಯದಾಗಿ ಪೂರ್ತಿ ಓದಿದ್ದು ಅಕ್ಕಿ ಬೇಯಿಸುವ ಯಂತ್ರದ ಜೊತೆ ಬಂದ ಪುಸ್ತಕ.

ಹೀಗೆ 'ಕುರಾಮೊಚಿಯವರ ತೂಕದ ಮಾತು' ಶುರುವಾಯಿತು. ಮೊದಲ ತಿಂಗಳು ಒಂದು ಆಪು, ಒಂದು ಪುಸ್ತಕ. ಆಪು, ಬೆಳಿಗ್ಗೆ ಎದ್ದಾಗ ಇವತ್ತು ಕೊಡೆ ಬೇಕೋ ಬೇಡವೋ ಹೇಳುವಂಥದ್ದು; ಅದರ ಗುಣಗಾನವನ್ನು ಅವರು ಕ್ಷೌರದಂಗಡಿಯಲ್ಲಿ ಕೇಳಿಸಿಕೊಂಡಿದ್ದರು. ಪುಸ್ತಕದ ಅಭಿಪ್ರಾಯ ಸಿಕ್ಕಿದ್ದು ಸ್ಟೇಷನ್ ಮುಂದಿನ ಪುಸ್ತಕದಂಗಡಿಯಲ್ಲಿ. ಅಲ್ಲಿ ಮಾಲೀಕ ಪ್ರತಿ ಪುಸ್ತಕದ ಮುಂದೆ ಕೈಯಲ್ಲಿ ಬರೆದ ಚೀಟಿ ನಿಲ್ಲಿಸಿರುತ್ತಾನೆ. 'ಎರಡು ಸಲ ಓದಿದೆ, ಮೂರು ಸಲ ಅತ್ತೆ' ಎಂದಿತ್ತು. ಕುರಾಮೊಚಿ ಅದನ್ನು ಹಾಗೆಯೇ ಎತ್ತಿಕೊಳ್ಳಲಿಲ್ಲ, ಅವರಿಗೂ ಒಂದು ಶಿಸ್ತು ಇದೆ. 'ಒಂದೂವರೆ ಸಲ ಓದಿದೆ. ನೂರಕ್ಕೆ ಎಂಬತ್ತೇಳು ಪಾಯಿಂಟ್ ನಾಲ್ಕು' ಎಂದು ಬರೆದು ಕೆಳಗೆ ತಮ್ಮ ಮೊಹರು ಒತ್ತಿದರು.

ಜನ ಆ 'ಪಾಯಿಂಟ್ ನಾಲ್ಕಕ್ಕೆ' ಮರುಳಾದರು. ಮಳೆಯೂ ಆಪು ಹೇಳಿದಂತೆಯೇ ಬಂತು. ಹಲಗೆ ವಾಪಸು ಬಂದಾಗ ನೋಡಿದರೆ ಮೊಹರುಗಳೆಲ್ಲ ಕುರಾಮೊಚಿಯವರ ಅಂಕಣದ ಕಡೆ ವಾಲಿದ್ದವು.

ಎರಡನೆಯ ತಿಂಗಳಿಗೆ ಆಟ ಬೇಕಾಯಿತು. ಬಸ್ಸಿನಲ್ಲಿ ಮುಂದಿನ ಸೀಟಿನ ಇಬ್ಬರು ಕಾಲೇಜು ಹುಡುಗಿಯರು ಅವರಿಗೆ ದೇವರು ಕಳಿಸಿದಂತೆ ಸಿಕ್ಕರು. ಒಬ್ಬಳು, "ಬೀಜ ಹಾಕೋದು, ನೀರು ಹಾಕೋದು, ಮೂಲಂಗಿ ಕೀಳೋದು, ಅಷ್ಟೇ ಕಣೇ. ಮನಸ್ಸಿಗೆ ಎಷ್ಟು ನೆಮ್ಮದಿ," ಎಂದಳು. ಇನ್ನೊಬ್ಬಳು, "ನಾನಂತೂ 'ಮಂಜಿನ ಕಣಿವೆ' ಹಿಡಿದ್ರೆ ಊಟಕ್ಕೂ ಏಳಲ್ಲ," ಎಂದಳು. ಅವರು ಮಾತಾಡುತ್ತಿದ್ದುದು ಎರಡು ಬೇರೆ ಬೇರೆ ಆಟಗಳ ಬಗ್ಗೆ. ಕುರಾಮೊಚಿ ಅವಳ ಮೂಲಂಗಿಯನ್ನು ಇವಳ ಕಣಿವೆಯಲ್ಲಿ ನೆಟ್ಟು, 'ವಯಸ್ಸಾದವರಿಗೆ ಹೇಳಿ ಮಾಡಿಸಿದ ಪ್ರಶಾಂತ ಬೇಸಾಯದ ಆಟ. ಮೂಲಂಗಿ ಕೀಳುವ ಸುಖವೇ ಸುಖ. ತೊಂಬತ್ತೊಂದು ಪಾಯಿಂಟ್ ಎರಡು' ಎಂದು ಬರೆದುಕೊಟ್ಟರು. ನಾನು ಅಚ್ಚು ಹಾಕಿಸಿದೆ.

'ಮಂಜಿನ ಕಣಿವೆ'ಯನ್ನು ನೀವು ಆಡಿರದಿದ್ದರೆ ಸ್ವಲ್ಪ ಹೇಳುತ್ತೇನೆ. ಅದು ಒಂದು ಊರು. ಆ ಊರಿನ ಹೊಲಗಳಲ್ಲಿ ಹೂತ ಹೆಣಗಳು ಮಂಜು ಬಿದ್ದಾಗ ಎದ್ದು ಬರುತ್ತವೆ. ಅವುಗಳ ತಲೆ ಒಡೆಯಬೇಕು. ಆದರೆ ಆಟ ಶುರುವಾದಾಗ ನಮ್ಮ ಕೈಗೆ ಕೊಡುವುದು ಗುದ್ದಲಿ. ಆದ್ದರಿಂದ ಬೀದಿಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಬಿತ್ತುವ ಮೊದಲು ಹೊಲ ಹಸನು ಮಾಡಬೇಕಲ್ಲ ಎಂದುಕೊಂಡು ಹದಿಮೂರು ಮನೆಯವರು ಮೊಮ್ಮಕ್ಕಳ ಹಳೆಯ ಯಂತ್ರ ಹುಡುಕಿ, ಟೀವಿಗೆ ಜೋಡಿಸಿ, ಹೆಣ ಹೊಡೆಯಲು ಕೂತರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಮ್ಮದು. ನಾನೂ ಅಂಗಡಿಯಲ್ಲಿ ಇಸ್ತ್ರಿ ಕಾಯುವ ಹೊತ್ತಿನಲ್ಲಿ ಫೋನಿನಲ್ಲಿ ಹನ್ನೊಂದು ಜನರನ್ನು ಮುಗಿಸಿದೆ, ನೋಡದೆ ಇಸ್ತ್ರಿಪೆಟ್ಟಿಗೆ ಮುಟ್ಟಿ ಎರಡು ಬೆರಳು ಸುಟ್ಟುಕೊಂಡೆ.

ಹಿರಿಯರೊಬ್ಬರು ಮೊಹರು ಒತ್ತಿ ಹೇಳಿದ್ದನ್ನು ಚೆನ್ನಾಗಿಲ್ಲ ಎನ್ನುವುದು ನಮ್ಮಲ್ಲಿ ಇಲ್ಲ. ಚೆನ್ನಾಗಿಲ್ಲ ಎನಿಸಿದರೆ ಅದು ಆಡಿದವರ ಅಯೋಗ್ಯತೆ. ಒಂದು ವಾರ ಕಳೆಯುವುದರೊಳಗೆ ಬೀದಿಯವರು ಒಬ್ಬೊಬ್ಬರಾಗಿ ಕುರಾಮೊಚಿಯವರ ಮನೆಗೆ ಕ್ಷಮೆ ಕೇಳಲು ಹೋದರು.

"ನನ್ನ ಕೈ ತುಂಬ ನಿಧಾನ. ದಯವಿಟ್ಟು ಬೇಜಾರು ಮಾಡ್ಕೋಬೇಡಿ," ಎಂದಳು ಹೂವಿನಂಗಡಿಯಾಕೆ, ಒಂದು ಡಬ್ಬಿ ಉಪ್ಪಿನಕಾಯಿ ಮುಂದೆ ಇಟ್ಟು. "ಮೂಲಂಗಿ ಇನ್ನೂ ಬಂದಿಲ್ಲ."

"ಬೇಸಾಯಕ್ಕೆ ತಾಳ್ಮೆ ಬೇಕು," ಎಂದರು ಕುರಾಮೊಚಿ.

"ಎಲ್ಲಾ ಮೇಲೆ ಬಿದ್ದು ಕಚ್ಚೋಕೆ ಬರ್ತಾವಲ್ಲ, ಅದಕ್ಕೇನು ಮಾಡ್ಬೇಕು?"

ಕುರಾಮೊಚಿ ಕೀಟಗಳ ವಿಷಯ ಎಂದು ತಿಳಿದರು. "ಬೂದಿ ಹಾಕಿ," ಎಂದರು.

ಆ ಮಾತು 'ಬೂದಿ ಮಾಡಿ' ಎಂದಾಗಿ ಬೀದಿಯಲ್ಲಿ ಹರಡಿ, ಬೆಂಕಿ ಹಚ್ಚಿದರೆ ಹೆಣಗಳು ಬೇಗ ಬೀಳುತ್ತವೆ ಎಂಬುದು ಎಲ್ಲರಿಗೂ ಗೊತ್ತಾಯಿತು. ಕುರಾಮೊಚಿಯವರ ಜ್ಞಾನದ ಆಳ ನೋಡಿ ತೊಕುನಾಗಾ ಬೆರಗಾದರು. ಕುರಾಮೊಚಿಯವರ ಮನೆಯಲ್ಲಿ ಉಪ್ಪಿನಕಾಯಿಯ ಡಬ್ಬಿಗಳು ಏಳಾದವು.

ಎಲ್ಲರಿಗಿಂತ ಮುಂದೆ ಇದ್ದವಳು ಕಿನು ಅಜ್ಜಿ. ಈಗ ಎಂಬತ್ತನಾಲ್ಕು. ನವೆಂಬರ್ ಇಪ್ಪತ್ತಕ್ಕೆ ಸೊಂಟದ ಮೂಳೆಯ ಆಪರೇಷನ್ ಎಂದು ತಾರೀಕು ಗೊತ್ತಾಗಿತ್ತು. ಅವಳ ಗಂಡನಿಗೆ ಊರಾಚೆ ಒಂದು ಮೂಲಂಗಿ ಹೊಲ ಇತ್ತು, ನಲವತ್ತು ವರ್ಷದ ಹಿಂದೆ ಹೊರವರ್ತುಲ ರಸ್ತೆಗೆ ಹೋಯಿತು. ಗಂಡನೂ ಹೋಗಿ ಬಹಳ ಕಾಲವಾಯಿತು. "ಎಲೆ ಹಿಡಿದು ಎಳೆದಾಗ ಮಣ್ಣಿಂದ ಬರುತ್ತಲ್ಲ, ಆ ಸದ್ದು ಒಂದ್ಸಲ ಕೇಳಿಬಿಡ್ತೀನಿ. ಆಮೇಲೆ ಡಾಕ್ಟರು ಏನು ಬೇಕಾದ್ರೂ ಕೊಯ್ಕೊಳ್ಳಲಿ," ಎಂದು ನನ್ನ ಹತ್ತಿರವೇ ಹೇಳಿದ್ದಳು. ಅವಳಿಗೆ ಆಪರೇಷನ್ ಭಯ ಇತ್ತು. ಅದನ್ನು ಹೇಳಿಕೊಳ್ಳದೆ ದಿನವೂ ಮಧ್ಯಾಹ್ನ ತೋಫು ಮಾರಾಟ ಮುಗಿಸಿ ಗುದ್ದಲಿ ಹಿಡಿಯುತ್ತಿದ್ದಳು.

ಒಂದು ದಿನ ಅವಳ ಮನೆಗೆ ಪೊಲೀಸು ಬಂದ. 'ತಲೆಗೇ ಹಾಕು, ಮೇಲೆ ಏಳಬಾರದು' ಎಂದು ಮುದುಕಿಯೊಬ್ಬಳು ಕೂಗುತ್ತಿದ್ದಾಳೆ ಎಂದು ಹಿಂದಿನ ಬೀದಿಯವರು ಠಾಣೆಗೆ ತಿಳಿಸಿದ್ದರು.

"ಏನು ನಡೀತಿದೆ ಅಜ್ಜಿ ಇಲ್ಲಿ?"

"ಬೇಸಾಯ," ಎಂದಳು ಕಿನು ಅಜ್ಜಿ, ಪರದೆಯಿಂದ ಕಣ್ಣು ತೆಗೆಯದೆ.

ಪೊಲೀಸು ಬೂಟು ಬಿಚ್ಚಿ ಒಳಗೆ ಬಂದು ಅರ್ಧ ಗಂಟೆ ನೋಡಿ, ಡೈರಿಯಲ್ಲಿ 'ಬೇಸಾಯ, ತೊಂದರೆಯಿಲ್ಲ' ಎಂದು ಬರೆದುಕೊಂಡು ಹೋದ. ಮಾರನೆಯ ದಿನ ಸೈಕಲ್ಲು ನಿಲ್ಲಿಸಿ ಕಿಟಕಿಯಿಂದಲೇ, "ಬಾವಿ ಹಿಂದೆ ಇಬ್ರು ಅಡಗಿದ್ದಾರೆ ಅಜ್ಜಿ, ಹುಷಾರು," ಎಂದ.

ಕುರಾಮೊಚಿಯವರಿಗೆ ನಿಜ ಗೊತ್ತಾದದ್ದು ನನ್ನ ಅಂಗಡಿಯಲ್ಲಿ. ಕೋಟು ತೆಗೆದುಕೊಳ್ಳಲು ಬಂದವರು ನನ್ನ ಫೋನಿನೊಳಗೆ ಇಣುಕಿದರು.

"ಏನಿದು?"

"ನಿಮ್ಮ ಆಟ."

ಅವರು ಬಹಳ ಹೊತ್ತು ನೋಡಿದರು. "ಈ ಜನ ಯಾರು?" ಎಂದರು.

ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡೆ. "ಕಳೆ," ಎಂದೆ.

ಕೋಟು ಬಿಟ್ಟು ಹೊರಟುಹೋದರು. ಅವರ ಹೆಂಡತಿ ಫುಸಾಎ ಆಮೇಲೆ ಕೋಟಿಗೆ ಬಂದಾಗ ಮನೆಯಲ್ಲಿ ನಡೆದದ್ದನ್ನು ಹೇಳಿದಳು. "'ಮೂವತ್ತೈದು ವರ್ಷದಲ್ಲಿ ಮಾಡದ ಕೆಲಸ ಮಾಡಿಬಿಟ್ಟೆ ಕಣೇ, ತೂಗದೆ ಮೊಹರು ಒತ್ತಿದೆ' ಅಂತ ಊಟ ಬಿಟ್ಟು ಕೂತಿದ್ದಾರೆ. ನಾನು ಹೇಳ್ದೆ, 'ರೀ, ಉಪ್ಪಿನಕಾಯಿ ಏಳು ಡಬ್ಬಿ ಇದೆ, ಅನ್ನನಾದ್ರೂ ತಿನ್ನಿ. ಆಮೇಲೆ ಹೋಗಿ ನಿಜ ಹೇಳಿಬಿಡಿ. ಇಪ್ಪತ್ತನೇ ತಾರೀಕಿನೊಳಗೆ ಆ ಮುದುಕಿಗೆ ಗೊತ್ತಾಗಬೇಕು' ಅಂತ."

ನಿಜ ಹೇಳುವುದು ಸುಲಭ ಎಂದು ಫುಸಾಎ ತಿಳಿದಿದ್ದಳು. ಕುರಾಮೊಚಿ ಅಂದು ಸಂಜೆಯೇ ಅಧ್ಯಕ್ಷರ ಮನೆಗೆ ಹೋಗಿ ಚಾಪೆಗೆ ಹಣೆ ತಾಗಿಸಿ ಕೂತರು.

"ನಾನು ಆ ಆಟ ಆಡೇ ಇಲ್ಲ," ಎಂದರು.

ನಮ್ಮ ಕಡೆ ಹನ್ನೆರಡು ಬಗೆ ಬಡಿಸಿದವರು 'ಊಟಕ್ಕೆ ಏನೂ ಮಾಡಿಲ್ಲ' ಎನ್ನುತ್ತಾರೆ. ಮಗ ತರಗತಿಗೆ ಮೊದಲಿಗನಾದರೆ 'ನಮ್ಮವನು ಬರೀ ದಡ್ಡ' ಎನ್ನುತ್ತಾರೆ. ತೊಕುನಾಗಾ ಕಣ್ಣಲ್ಲಿ ನೀರು ತಂದುಕೊಂಡರು. "ಇಷ್ಟೆಲ್ಲ ಗೊತ್ತಿದ್ದೂ ಎಷ್ಟು ವಿನಯ ನಿಮ್ಮದು," ಎಂದರು.

"ವಿನಯ ಅಲ್ಲ. ನಿಜವಾಗ್ಲೂ ಆಡಿಲ್ಲ."

"ಇನ್ನು ಸಾಕು, ನಮಗೆ ನಾಚಿಕೆ ಆಗುತ್ತೆ," ಎಂದು ತೊಕುನಾಗಾ ತಾವೂ ಹಣೆ ತಾಗಿಸಿದರು. ಇಬ್ಬರೂ ಯಾರು ಮೊದಲು ತಲೆ ಎತ್ತಬೇಕು ಎಂದು ತಿಳಿಯದೆ ಸುಮಾರು ಹೊತ್ತು ಹಾಗೆಯೇ ಇದ್ದರಂತೆ.

ಅಷ್ಟರಲ್ಲಿ ಸುದ್ದಿ ನಗರಸಭೆಗೆ ಮುಟ್ಟಿತ್ತು. ಮೂರನೇ ಬೀದಿಯ ಮುದುಕರು ದಿನವೂ ಒಬ್ಬರ ಮನೆಗೆ ಒಬ್ಬರು ಹೋಗುತ್ತಿದ್ದಾರೆ, ಬೆರಳು ಚುರುಕಾಗಿವೆ, ಈ ತಿಂಗಳು ಯಾರೂ ಮೆಟ್ಟಿಲಿಂದ ಬಿದ್ದಿಲ್ಲ. ಇದಕ್ಕೆ ಕಾರಣರಾದ ಕುರಾಮೊಚಿಯವರಿಗೆ ಪ್ರಶಂಸಾಪತ್ರ ಕೊಡಲು ವೃದ್ಧರ ಯೋಗಕ್ಷೇಮದ ಅಧಿಕಾರಿ ಹದಿನೆಂಟನೇ ತಾರೀಕು ಬರುತ್ತಾರೆ ಎಂದು ಪತ್ರ ಬಂತು. ಅದೇ ಸಭೆಯಲ್ಲಿ ಕಿನು ಅಜ್ಜಿ ಆಟದ ಕೊನೆಯ ಭಾಗ ಆಡುವುದು, ಎಲ್ಲರೂ ಸೇರಿ ಮೂಲಂಗಿ ನೋಡುವುದು ಎಂದು ತೊಕುನಾಗಾ ಕಾರ್ಯಕ್ರಮ ಹಾಕಿದರು.

ಸಮುದಾಯ ಭವನದಲ್ಲಿ ದೊಡ್ಡ ಪರದೆ ಕಟ್ಟಿದ್ದೆವು. ಕುರಾಮೊಚಿ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತೆ ಅಧಿಕಾರಿ ಮತ್ತು ಅಧ್ಯಕ್ಷರ ನಡುವೆ ಕೂತಿದ್ದರು. ಪ್ರಶಂಸಾಪತ್ರ ಓದುವ ಮೊದಲೇ ಎದ್ದು ನಿಂತರು.

"ನಾನು ಈ ಆಟ ಆಡಿಲ್ಲ. ಬಸ್ಸಲ್ಲಿ ಯಾರೋ ಮಾತಾಡಿದ್ದನ್ನ ಕೇಳಿ ಬರೆದೆ. ಇದರಲ್ಲಿ ಮೂಲಂಗಿ ಇಲ್ಲ."

ಭವನದಲ್ಲಿ ಮೆಚ್ಚುಗೆಯ ನಿಟ್ಟುಸಿರು ಕೇಳಿಸಿತು. ಅಧಿಕಾರಿ ಪಕ್ಕದವರ ಕಿವಿಯಲ್ಲಿ, "ಇಂಥವರು ಈಗ ಸಿಗೋದು ಕಷ್ಟ," ಎಂದ.

"ಪುಸ್ತಕನೂ ಓದಿಲ್ಲ. ಒಂದೂವರೆ ಸಲ ಅಂತ ಬರೆದಿದ್ದು ಸುಳ್ಳು."

"ಎರಡು ಸಲ ಓದಿರಬೇಕು," ಎಂದಳು ಹೂವಿನಂಗಡಿಯಾಕೆ ಮೆಲ್ಲಗೆ.

"ನನ್ನ ಹತ್ರ ಆಪು ಹಾಕೋ ಫೋನೇ ಇಲ್ಲ," ಎಂದು ಕುರಾಮೊಚಿ ಮಡಚುವ ಫೋನನ್ನು ಎತ್ತಿ ತೋರಿಸಿದರು. ಅಷ್ಟು ಸರಳ ಜೀವನ ಕಂಡು ಚಪ್ಪಾಳೆ ಬಿತ್ತು. ಇಂಗು ತಿಂದ ಮಂಗನಂತೆ ಕೂತುಬಿಟ್ಟರು. ಅವರ ಮಡಿಲಿಗೆ ಪ್ರಶಂಸಾಪತ್ರ ಬಂತು.

ಚಪ್ಪಾಳೆ ತಟ್ಟದೆ ಇದ್ದವಳು ಕಿನು ಅಜ್ಜಿ ಒಬ್ಬಳೇ. ಅವಳು ಅವರನ್ನು ಒಮ್ಮೆ ನೋಡಿ, ಪರದೆಯ ಕಡೆ ತಿರುಗಿ ಕೂತಳು. ನಲವತ್ತು ನಿಮಿಷದಲ್ಲಿ ಊರಿನ ಕೊನೆಯ ಹೆಣ, ಸತ್ತ ಗೌಡನದು, ನೆಲಕ್ಕೆ ಬಿತ್ತು. ಮಂಜು ಸರಿಯಿತು. ಬೆಳಕು ಹರಿಯಿತು. ಬರಿಯ ಹೊಲ ಕಾಣಿಸಿತು. ಆಟ ಮಾಡಿದವರ ಹೆಸರುಗಳು ಒಂದರ ಹಿಂದೆ ಒಂದು ಮೇಲೆ ಹೋದವು. ಹೆಸರುಗಳು ಮುಗಿಯುವವರೆಗೂ ಯಾರೂ ಕದಲಲಿಲ್ಲ, ಅವುಗಳ ಕೆಳಗೆ ಎಲ್ಲಾದರೂ ಮೂಲಂಗಿ ಇದ್ದೀತು ಎಂದು. ಪರದೆ ಕಪ್ಪಾಯಿತು.

"ತುಂಬ ಚೆನ್ನಾಗಿತ್ತು," ಎಂದರು ತೊಕುನಾಗಾ.

"ಮೂಲಂಗಿ ಕಾಣದೇ ಇರೋದೇ ಅದರ ಸೊಗಸು," ಎಂದ ಅಧಿಕಾರಿ.

"ಮೂಲಂಗಿ ಇಲ್ಲ," ಎಂದಳು ಕಿನು ಅಜ್ಜಿ. ಕೋಲು ಹಿಡಿದು ಎದ್ದು ಮನೆಗೆ ಹೋದಳು. ನನಗೆ ಆಗ ನಿಜವಾಗಿಯೂ ಸಂಕಟವಾಯಿತು, ಕುರಾಮೊಚಿಯವರ ಮುಖ ನೋಡಲು ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಒಂದು ತಿದ್ದುಪಡಿ ಬರೆದುಕೊಂಡು ಬಂದರು. 'ತೂಗದೆ ಮೊಹರು ಒತ್ತಿದ್ದೇನೆ. ಹಿಂದೆ ಬರೆದದ್ದೆಲ್ಲ ರದ್ದು.' ವಿಶೇಷ ಸುತ್ತೋಲೆ ಎಂದು ಅದೊಂದನ್ನೇ ಹಲಗೆಗೆ ಸಿಕ್ಕಿಸಿ ಕಳಿಸಿದೆ. ಅದು ಒಂದೇ ದಿನದಲ್ಲಿ ಸುತ್ತಿ ಬಂತು. ಮೊಹರುಗಳು ಇನ್ನಷ್ಟು ವಾಲಿದ್ದವು. ತೊಕುನಾಗಾ ಅವರದಂತೂ ಪೂರ್ತಿ ಮಲಗಿತ್ತು. ಕಿನು ಅಜ್ಜಿಯ ಚೌಕದಲ್ಲಿ ಮೊಹರು ಇರಲಿಲ್ಲ. ಅಲ್ಲಿ ಅಂಚು ಸುಕ್ಕಾದ, ಬಣ್ಣ ಮಾಸಿದ ಒಂದು ಕೆಂಪು ಚೀಟಿ ಅಂಟಿಸಿತ್ತು. 'ದೋಷವಿದೆ. ಸರಿಪಡಿಸಿ ಮತ್ತೆ ತೋರಿಸಿ' ಎಂದು ಅಚ್ಚಾಗಿತ್ತು. ಕೆಳಗೆ ಮೂವತ್ತೊಂದು ವರ್ಷದ ಹಿಂದಿನ ತಾರೀಕು, ಕುರಾಮೊಚಿಯವರದೇ ಮೊಹರು.

ಅದನ್ನು ಹೇಗೆ ತೋರಿಸುವುದು ಎಂದು ಅಳುಕಿಕೊಂಡೇ ಹೋದೆ. ಅವರು ಚೀಟಿಯನ್ನು ಎರಡು ಸಲ ಓದಿದರು. ಎರಡೂ ಸಲ ಪೂರ್ತಿ ಓದಿದರು.

"ಒಬ್ಬರಾದ್ರೂ ನಂಬಿದ್ರು," ಎಂದರು. ಮುಖದಲ್ಲಿ ಎಷ್ಟೋ ದಿನದಿಂದ ಇರದ ಕಳೆ ಬಂದಿತ್ತು. "ಸರಿಪಡಿಸಿ ಮತ್ತೆ ತೋರಿಸಬೇಕು ಅಲ್ವಾ. ನಿಯಮ ಅಂದ್ರೆ ನಿಯಮ."

ಅಂದೇ ಹೊಸ ಫೋನು ತಂದರು. ಬಸ್ಸು ಹತ್ತಿ ಆ ಹುಡುಗಿಯರು ಸಿಗುವವರೆಗೆ ಮೂರು ದಿನ ಓಡಾಡಿ, ಮೂಲಂಗಿಯ ಆಟದ ಹೆಸರು 'ಬೆಳಗಿನ ಹೊಲ' ಎಂದು ಕೇಳಿಕೊಂಡರು. ಆಮೇಲೆ ಎರಡು ವಾರ ಬೀದಿಯಲ್ಲಿ ಕಾಣಿಸಲಿಲ್ಲ. ಕಿನು ಅಜ್ಜಿಯ ಆಪರೇಷನ್ ಅಷ್ಟರಲ್ಲಿ ಆಗಿಹೋಗಿತ್ತು. ಮೂಲಂಗಿ ನೋಡದೆಯೇ ಆಸ್ಪತ್ರೆಗೆ ಹೋದಳು, ಡಾಕ್ಟರು ಕೊಯ್ದದ್ದೂ ಸರಿಹೋಯಿತು, ಆದರೆ ಊಟ ಸೇರುತ್ತಿಲ್ಲ, ಎದ್ದು ನಡೆಯಲು ಒಲ್ಲೆ ಎನ್ನುತ್ತಾಳೆ ಎಂದು ಸುದ್ದಿ ಬಂತು.

ಡಿಸೆಂಬರಿನ ಹಲಗೆಯನ್ನು ಹಿಡಿದುಕೊಂಡು ಕುರಾಮೊಚಿಯವರೂ ನಾನೂ ಆಸ್ಪತ್ರೆಗೆ ಹೋದೆವು. ಅವರು ಮಂಚದ ಪಕ್ಕ ನೆಟ್ಟಗೆ ಕೂತು ವರದಿ ಒಪ್ಪಿಸಿದರು.

"ಹನ್ನೊಂದು ದಿನ ನೀರು ಹಾಕ್ಬೇಕು. ಹನ್ನೆರಡನೇ ದಿನ ಕೀಳಬಹುದು. ನಾನೇ ನಲವತ್ತೇಳು ಕಿತ್ತೆ. ಮೂರು ಕೊಳೀತು, ತಪ್ಪು ನಂದೇ. ನೀರು ಹಾಕೋದು ಬಹಳ ಬೇಜಾರಿನ ಕೆಲಸ. ನೂರಕ್ಕೆ ಅರವತ್ತನಾಲ್ಕು."

"ಪಾಯಿಂಟ್ ಎಷ್ಟು?" ಎಂದಳು ಅಜ್ಜಿ.

"ಪಾಯಿಂಟ್ ಇಲ್ಲ. ಅಷ್ಟು ನಿಖರವಾಗಿ ಹೇಳೋಕೆ ಬರಲ್ಲ."

ಅಜ್ಜಿ ಕೈ ಚಾಚಿದಳು. ಫೋನು ಕೊಟ್ಟರು. ಅವಳು ಹೊಲದ ತುದಿಯ ಒಂದು ಗಿಡದ ಮೇಲೆ ಬೆರಳಿಟ್ಟು ಎಳೆದಳು. ಮೂಲಂಗಿ ಬಂತು. ಕಣ್ಣು ಮುಚ್ಚಿ ಇನ್ನೊಂದು ಎಳೆದಳು.

"ಸದ್ದು ಸರಿಯಿಲ್ಲ," ಎಂದಳು. "ನಿಜವಾದ್ದು ಹೀಗೆ ಬರಲ್ಲ."

"ಬರೆದಿದ್ದೀನಿ ನೋಡಿ," ಎಂದು ಕುರಾಮೊಚಿ ಹಲಗೆ ಮುಂದಿಟ್ಟರು. 'ಕೀಳುವ ಸದ್ದು ಸುಳ್ಳು' ಎಂಬ ಸಾಲಿನ ಮೇಲೆ ಬೆರಳು ಇಟ್ಟರು. "ಹೊರವರ್ತುಲ ರಸ್ತೆ ಆಚೆ ಒಬ್ಬರ ಹೊಲ ಇದೆ. ಕೇಳಿಕೊಂಡು ಹೋಗಿ ಒಂದು ಕಿತ್ತು ನೋಡಿದೆ. ಬೇರೆ ಥರ ಇದೆ. ಮೊದಲು ಏನೂ ಕೇಳಲ್ಲ, ಆಮೇಲೆ ಒಮ್ಮೆಲೇ ಬರುತ್ತೆ."

ಅಜ್ಜಿ ಫೋನನ್ನು ವಾಪಸು ಕೊಟ್ಟಳು. "ಇವರ ಕೈಯಲ್ಲಿ ಎಳೆಯೋಕೂ ಬರಲ್ಲ ಅನ್ಕೊಂಡಿದ್ದೆ," ಎಂದು ನನಗೆ ಹೇಳಿದಳು. "ಆ ಹೊಲದವರು ಜನವರಿವರೆಗೂ ಕೀಳ್ತಾರೇನು?"

"ಕೇಳಿದೀನಿ. ಫೆಬ್ರವರಿವರೆಗೂ ಇರುತ್ತಂತೆ."

"ಹಾಗಾದ್ರೆ ನಡಿಯೋದು ಕಲಿಬೇಕು," ಎಂದಳು.

ಮೇಜಿನ ಖಾನೆಯಿಂದ ಬಟ್ಟೆಯ ಚೀಲ ತೆಗೆದುಕೊಡು ಎಂದಳು. ಅದರಲ್ಲಿ ಅವಳ ಮೊಹರು ಇತ್ತು. ಅಂಕಣವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಬಾಯಿಯ ಹಬೆ ತಾಗಿಸಿ, ಎರಡು ಕೈಯಲ್ಲಿ ಹಿಡಿದು, ತನ್ನ ಚೌಕದಲ್ಲಿ ಒತ್ತಿದಳು.

ನಾನು ಇಸ್ತ್ರಿಯವನು, ಗೆರೆ ಸೊಟ್ಟಗಿದ್ದರೆ ನನಗೆ ದೂರದಿಂದಲೇ ಗೊತ್ತಾಗುತ್ತದೆ. ಕಿನು ಅಜ್ಜಿಯ ಮೊಹರು ಎಡಕ್ಕೂ ವಾಲಿರಲಿಲ್ಲ, ಬಲಕ್ಕೂ ವಾಲಿರಲಿಲ್ಲ. ಕುರಾಮೊಚಿಯವರು ಅದನ್ನು ಕನ್ನಡಕ ಮೇಲೆತ್ತಿ ಹತ್ತಿರದಿಂದ ನೋಡಿದರು, ಎದ್ದು ನಿಂತರು, ತಾವೇ ಸೊಂಟದವರೆಗೆ ಬಾಗಿದರು.